ಮೂರನೆಯ ಹೆಸರು

ಸೂಪರ್ ನಿಂಟೆಂಡೊ ಯಂತ್ರವನ್ನು ಬೋರಲು ಹಾಕಿದರೆ ಆಳವಾದ ಆರು ತೂತುಗಳು ಕಾಣುತ್ತವೆ. ಟಾರ್ಚ್ ಬಿಟ್ಟು ಇಣುಕಿದರೆ ತಳದಲ್ಲಿ ಸ್ಕ್ರೂ ಇದೆ. ಆದರೆ ಅದರ ತಲೆಯ ಮೇಲೆ ಪ್ಲಸ್ ಗುರುತಿಲ್ಲ, ಮೈನಸ್ ಗೀರೂ ಇಲ್ಲ. ತಲೆಯ ಸುತ್ತ ಮಾತ್ರ ಹಲ್ಲು ಹಲ್ಲಾಗಿ ಉಬ್ಬುಗಳಿವೆ. ಇದನ್ನು ಬಿಚ್ಚಲು ಒಳಗೆ ತೂರುವ ಮೊನೆ ಸಾಲದು, ಮೇಲಿನಿಂದ ಟೋಪಿಯಂತೆ ಕೂರುವ ಟೊಳ್ಳು ಮೂತಿಯ ಬಿಟ್ ಬೇಕು. ಬಳಕೆಯಲ್ಲಿ ಅದಕ್ಕೆ ಗೇಮ್‌ಬಿಟ್ ಎನ್ನುತ್ತಾರೆ. ಯಂತ್ರಕ್ಕೆ 4.5 ಮಿಲಿಮೀಟರಿನದು, ಆಟದ ಕಾರ್ಟ್ರಿಜ್ಜಿಗೆ 3.8ರದು.

ನಾವು ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಆಡಿದ್ದು ಈ ಕಂಪನಿಯ ಅದಕ್ಕೂ ಹಳೆಯ ಯಂತ್ರದ ನಕಲುಗಳನ್ನು. 'ಟೀವಿ ಗೇಮ್' ಅಂದರೆ ಮುಗಿಯಿತು, ಬ್ರ್ಯಾಂಡು ಯಾರಿಗೂ ಬೇಕಿರಲಿಲ್ಲ. ನಮ್ಮ ಮನೆಯದಕ್ಕೆ ಇದ್ದದ್ದು ಮಾಮೂಲಿ ಸ್ಟಾರ್ ಸ್ಕ್ರೂ. ಕೆಟ್ಟರೆ ಬೀದಿಯ ರೇಡಿಯೋ ರಿಪೇರಿಯವರು ಮಾತಾಡುತ್ತಲೇ ಬಿಚ್ಚಿ ಹರಡಿಬಿಡುತ್ತಿದ್ದರು. ದುಡ್ಡು ಕೊಟ್ಟು ಕೊಂಡ ವಸ್ತು ನನ್ನನ್ನು ತೆರೆಯಬೇಡ ಎನ್ನಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ.

ಈ ಯಂತ್ರ ಅಕ್ಕನ ಮನೆಯದು, ಮಿಷಿಗನ್‌ನಲ್ಲಿ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಮನೆ ಮಾರಿದ್ದಳು, ಖಾಲಿ ಮಾಡಿಕೊಡಲು ಹತ್ತು ದಿನವಿತ್ತು. ಬೇಸ್‌ಮೆಂಟ್ ಗುಡಿಸುವಾಗ ಪೆಟ್ಟಿಗೆಯೊಂದರಲ್ಲಿ ಇದು ಸಿಕ್ಕಿತು, ಜೊತೆಗೆ ಒಂದೇ ಒಂದು ಕಾರ್ಟ್ರಿಜ್, ಝೆಲ್ಡಾ. ಪ್ಲಗ್ ಹಾಕಿದರೆ ದೀಪವೇ ಹತ್ತಲಿಲ್ಲ. 'ಎಸೆದುಬಿಡೋ' ಅಂದಳು ಅಕ್ಕ. ಸಿಯಾಟಲ್‌ನಲ್ಲಿರುವ ಅವಳ ಮಗ ಮಾತ್ರ ಫೋನಿನಲ್ಲಿ, 'ಬೇಡ ಮಾಮ, ಒಂದ್ಸಲ ನೋಡು' ಅಂದ.

ಬಿಟ್ ಇಲ್ಲದವರಿಗೆ ಒಂದು ಉಪಾಯವಿದೆ. ಬಾಲ್ ಪೆನ್ನಿನ ಕಡ್ಡಿ ತೆಗೆದು, ಕೊಳವೆಯ ತುದಿಯನ್ನು ಲೈಟರಿನಲ್ಲಿ ಮೆತ್ತಗಾಗಿಸಿ ಸ್ಕ್ರೂ ಮೇಲೆ ಒತ್ತಿ ಹಿಡಿಯುವುದು. ಆರಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಹಲ್ಲಿನ ಅಚ್ಚು ಮೂಡಿರುತ್ತದೆ, ತಿರುಗಿಸಿದರೆ ಆಯಿತು. ಸಡಿಲ ಸ್ಕ್ರೂಗಳಿಗೆ ಇದು ನಡೆಯುತ್ತದೆ. ಮೂವತ್ತು ವರ್ಷ ಬಿಗಿದುಕೊಂಡು ಕೂತದ್ದರ ಮುಂದೆ ಪೆನ್ನೇ ಸವೆದುಹೋಗುತ್ತದೆ. ಎರಡು ಬಿಟ್ ತರಿಸಿಕೊಂಡೆ, ಒಂದು ಪಿಜ್ಜಾಕ್ಕಿಂತ ಅಗ್ಗ.

ಆರೂ ಸ್ಕ್ರೂ ಬಂದವು. ಒಳಗಿನ ರೋಗ ದೊಡ್ಡದೇನಲ್ಲ. ಕರೆಂಟು ಒಳಬರುವ ಕಡೆ 1.5 ಆಂಪಿಯರಿನ ಪುಟ್ಟ ಫ್ಯೂಸ್ ಇದೆ. ಮಲ್ಟಿಮೀಟರ್ ಇಟ್ಟರೆ ಬೀಪ್ ಬರಲಿಲ್ಲ. ಹೊಸದು ಬೆಸುಗೆ ಹಾಕಿದೆ, ಕೆಂಪು ದೀಪ ಹತ್ತಿತು.

ಝೆಲ್ಡಾದಲ್ಲಿ ಮೂರು ಜನ ತಮ್ಮ ತಮ್ಮ ಆಟವನ್ನು ಉಳಿಸಿಡಬಹುದು. ಪರದೆಯ ಮೇಲೆ ಮೊದಲು ಅಳಿಯನ ಹೆಸರು, ಆಮೇಲೆ ಅವನ ತಂಗಿಯದು. ಮೂರನೆಯದು ಇಂಗ್ಲಿಷಿನ ನಾಲ್ಕು ಅಕ್ಷರ: ಅಪ್ಪ. ಪಕ್ಕದಲ್ಲಿ ಕೆಂಪು ಹೃದಯಗಳ ಸಾಲು, ಮಕ್ಕಳಿಬ್ಬರದಕ್ಕಿಂತ ಉದ್ದ.

ಅಕ್ಕ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ಬಂದಳು. 'ಕೆಲಸ ಹೋಗಿತ್ತಲ್ಲ, ಆ ಚಳಿಗಾಲ ಕಣೋ. ನಿದ್ದೆ ಬರ್ತಿರ್ಲಿಲ್ಲ ಅವ್ರಿಗೆ. ಕೆಳಗೆ ಹೋಗಿ ಸೌಂಡ್ ತೆಗೆದು ಆಡ್ತಾ ಕೂತಿರೋರು. ಬೆಳಿಗ್ಗೆ ಟೈ ಕಟ್ಕೊಂಡು ಲೈಬ್ರರಿಗೆ ಹೋಗೋರು, ಮಕ್ಕಳಿಗೆ ಗೊತ್ತಾಗಬಾರದು ಅಂತ.'

ಕೆಲಸ ಹೋಗಿದ್ದು ನನಗೂ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ ಭಾವ ನನ್ನ ಪಿಯುಸಿ ಮಾರ್ಕ್ಸ್ ವಿಚಾರಿಸುತ್ತಿದ್ದರು.

ಈಗ ಇನ್ನೊಂದು ಚಿಂತೆ. ಆ ಹೆಸರುಗಳಿರುವುದು ಕಾರ್ಟ್ರಿಜ್ಜಿನೊಳಗಿನ 8 ಕಿಲೋಬೈಟಿನ ಮೆಮೊರಿಯಲ್ಲಿ. ಯಂತ್ರ ಆಫ್ ಆದಾಗ ಅದನ್ನು ಕಾಯುವುದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ಅದು ಸತ್ತರೆ ಮೂರೂ ಹೆಸರು ಹೋಗುತ್ತವೆ. ಬದಲಿಸಲೆಂದು ಸುಮ್ಮನೆ ಕಿತ್ತರೂ ಹೋಗುತ್ತವೆ. 3.8ರ ಬಿಟ್ ಹಾಕಿ ತೆರೆದು ಅಳೆದೆ. 3 ವೋಲ್ಟ್ ಇರಬೇಕಾದಲ್ಲಿ 2.6 ಇತ್ತು. ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವ ಸಾಧನಗಳು ಸಿಗುತ್ತವೆ, ಆದರೆ ಮನೆ ಬಿಡಲು ಉಳಿದಿದ್ದು ನಾಲ್ಕೇ ದಿನ. ಆಮೇಲೆ ಇದು ಸಿಯಾಟಲ್ಲಿಗೆ ಹೋಗಬೇಕು.

ಅಳಿಯನನ್ನು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, 'ಮಾಡು ಮಾಮ, ಹೇಗಿದ್ರೂ ಒಂದು ದಿನ ಹೋಗತ್ತೆ' ಅಂದ.

ಹೊಸ ಬ್ಯಾಟರಿಗೆ ಎರಡು ತೆಳು ತಂತಿ ಹಚ್ಚಿ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಹಳೆಯದರ ಜೊತೆಯಲ್ಲೇ ಅದೇ ಜಾಗಕ್ಕೆ ಬೆಸೆದೆ. ಎರಡೂ ಒಟ್ಟಿಗೆ ಕರೆಂಟು ಕೊಡುತ್ತಿರುವಾಗಲೇ ಹಳೆಯದನ್ನು ಬಿಡಿಸಬೇಕು. ನಡುವೆ ತಂತಿ ಒಂದು ಕ್ಷಣ ಬಿಟ್ಟರೂ ಮುಗಿಯಿತು. ಅಕ್ಕ ಟಾರ್ಚ್ ಹಿಡಿದಿದ್ದಳು. ಹಳೆಯ ಬ್ಯಾಟರಿಯ ಎರಡನೆಯ ಕಾಲು ಕಳಚುವವರೆಗೆ ಇಬ್ಬರೂ ಮಾತಾಡಲಿಲ್ಲ. ಹೊಸದನ್ನು ಒಳಗೆ ಕೂರಿಸಿ, ಟೇಪ್ ಸುತ್ತಿ, ಮುಚ್ಚಿ, ಯಂತ್ರಕ್ಕೆ ಹಾಕಿದೆ. ಮೂರೂ ಹೆಸರು ಬಂದವು. 'ಸದ್ಯ' ಅಂದು ಅಕ್ಕ ಮಹಡಿ ಹತ್ತಿ ಹೋದಳು.

ತಿಂಗಳ ನಂತರ ಸಿಯಾಟಲ್‌ನಿಂದ ವಿಡಿಯೋ ಕಾಲ್. ಅಳಿಯನ ಏಳು ವರ್ಷದ ಮಗಳಿಗೆ ಆಡಬೇಕಂತೆ, ಹೆಸರು ಬರೆಯಲು ಜಾಗವಿಲ್ಲ. ಇರುವುದೇ ಮೂರು, ಯಾರದಾದರೂ ಅಳಿಸಬೇಕು.

'ನಂದು ಅಳಿಸು' ಅಂದ ಅವನು.