ತೂಬು ಎತ್ತಿದವರ ಹೆಸರು

ನಾವು ವರ್ತೂರು ಕೆರೆಯ ಕೆಳಗಿನ ಹೊಲಗೇರಿಯವರು. ನಮ್ಮಜ್ಜ ನೀರುಗಂಟಿ. ತೂಬಿನೊಳಗೆ ಮುಳುಗಿ ಬಿರಡೆ ಎತ್ತುವುದು, ಪಾಳಿ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಅವನ ಚಾಕರಿ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದು ಮೊರ ಭತ್ತ. ಊರ ಗದ್ದೆಗೆಲ್ಲ ನೀರು ಬಿಟ್ಟವನಿಗೆ ಊರ ಬಾವಿಯ ನೀರಿಲ್ಲ!

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದನ್ನು ನಾವು ಓದು ಕಲಿತ ಮೇಲೆ ಅವನಿಗೆ ಹೇಳಿದೆವು. ಕೇಳಿಸಿಕೊಂಡು, "ಆಮ್ಯಾಕೆ ಹೊಡೀಲಿಲ್ವೇನ್ರಪ್ಪಾ?" ಅಂದ. ಹೊಡೆದಿದ್ದರು.

ಈ ಸೀಮೆಯ ಹೆಸರುಗಳನ್ನೇ ನೋಡಿ. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರ. 'ಸಂದ್ರ' ಅಂದರೆ ಜನರ ಬಾಯಲ್ಲಿ ಸವೆದ 'ಸಮುದ್ರ'. ಕೆರೆಯನ್ನೇ ಸಮುದ್ರವೆಂದು ಕರೆದ ಸೀಮೆ ಇದು. ಒಂಬತ್ತನೆಯ ಶತಮಾನದ ಅಗರದ ಶಾಸನ, ಎರಡು ಕೆರೆಗೆ ತೂಬಿಡಿಸಿ ಮೂರನೆಯದನ್ನು ಕಟ್ಟಿಸಿದವನನ್ನು ನೆನೆಯುತ್ತದೆ. ಕೋನಪ್ಪನ ಅಗ್ರಹಾರ ದಾನ ಪಡೆದವರನ್ನು ನೆನೆಯುತ್ತದೆ. 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಮೈಸೂರು ಅರಸರು ಕೊಟ್ಟ ನೆಲ, ಅವರ ಮುಂದಾಳು ಡಿ.ಎಸ್. ವೈಟ್ ಹೆಸರಿನಲ್ಲಿ ವೈಟ್‌ಫೀಲ್ಡ್ ಆಯಿತು. ಕಟ್ಟಿಸಿದವನಿಗೆ ಕಲ್ಲುಂಟು, ಪಡೆದವನಿಗೆ ಊರುಂಟು. ಮಣ್ಣು ಹೊತ್ತ ವಡ್ಡರಿಗೆ, ತೂಬು ಎತ್ತಿದ ನೀರುಗಂಟಿಗೆ ಏನುಂಟು?

ಒಂದಿಷ್ಟು ಇನಾಮತಿ ಜಮೀನಿತ್ತು. 1961ರ ಕಾಯಿದೆ ಬಂದು ಹಳ್ಳಿಯ ವಂಶಪಾರಂಪರ್ಯ ಚಾಕರಿಗಳು ರದ್ದಾದವು, ಜಮೀನು ಅಜ್ಜನ ಹೆಸರಿಗೆ ಮರುಮಂಜೂರಾಯಿತು. ಅತ್ತೆಯ ಮದುವೆ ಸಾಲಕ್ಕೆ ಅದೂ ಹೋಯಿತು. ಪರಿಶಿಷ್ಟರ ಮಂಜೂರಾತಿ ಭೂಮಿ ಪರಭಾರೆಯಾಗಬಾರದೆಂಬ ಕಾಯಿದೆ 1978ರದು. ಅದೇ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ಕಾಯಿದೆ ಹಿಡಿದು ನಾವು ಕಚೇರಿ ಅಲೆದೆವು. ಚಪ್ಪಲಿ ಸವೆಯಿತು, ಜಮೀನು ಬರಲಿಲ್ಲ. ಈಗ ಅಲ್ಲಿ ಗಾಜಿನ ಕಟ್ಟಡ. ನಮ್ಮಕ್ಕ ಅದರ ನೆಲ ಒರೆಸುತ್ತಾಳೆ.

ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆಗೆ ಬಿತ್ತು, ಅಲ್ಲಿಂದ ನಮ್ಮ ವರ್ತೂರಿಗೆ ಹರಿಯಿತು. 2015ರಲ್ಲಿ ನೊರೆ ಎದ್ದು ರಸ್ತೆಗೆ ಬಂತು. ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ ಹತ್ತಿತು. ನಮ್ಮನ್ನು ನೀರು ಮುಟ್ಟಬೇಡಿ ಅಂದವರು ಈಗ ತಾವೂ ಮುಟ್ಟುತ್ತಿಲ್ಲ. ಇದರಿಂದ ನಮಗೇನೂ ಸಂತೋಷವಿಲ್ಲ. ಅಜ್ಜ ಉಸಿರು ಕಟ್ಟಿ ಮುಳುಗಿ ಕಾಪಾಡಿದ ನೀರು ಅದು.

ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಕೆರೆ ಕಟ್ಟಿಸಿದ ದೊರೆಯ ಹೆಸರನ್ನು ಮಕ್ಕಳಿಗೆ ಕಲಿಸಿರಿ, ಬೇಡವೆನ್ನುವುದಿಲ್ಲ. ನಿಮ್ಮೂರ ಕೆರೆಯ ನೀರುಗಂಟಿ ಯಾರಾಗಿದ್ದನೆಂದು ಕೇಳಿಕೊಂಡು ಬರಲು ಅದೇ ಮಕ್ಕಳನ್ನು ನಮ್ಮ ಕೇರಿಗೂ ಕಳಿಸಿರಿ.