ಬಸರಾಳಿನ ಶಿಲಾಚಿತ್ರಗಳ ಮುಂದೆ

ಮಂಡ್ಯದಿಂದ ನಾಗಮಂಗಲದತ್ತ ಹೊರಟ ಬಸ್ಸು ಮೊದಲು ಕೆಲವು ಮೈಲಿ ಕಬ್ಬು ಬತ್ತಗಳ ಹಸುರಿನ ನಡುವೆ ಸಾಗುತ್ತದೆ. ಅದು ಕನ್ನಂಬಾಡಿಯ ನೀರು ನಾಲೆಯಾಗಿ ಹರಿದು ಬಂದು ಕೊಟ್ಟ ಸಿರಿ. ಮುಂದೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ರಾಗಿಯ ಹೊಲಗಳು, ತೆಂಗಿನ ಸಾಲುಗಳು, ಅಲ್ಲಲ್ಲಿ ಒಂದು ಕೆರೆಯ ಏರಿ ಕಾಣತೊಡಗುತ್ತವೆ. ಸುಮಾರು 25 ಕಿಲೋಮೀಟರು ಕಳೆದ ಮೇಲೆ ಬಸರಾಳು ಸಿಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಹೊರಡುವ ಪ್ರವಾಸಿಗರ ಹೆದ್ದಾರಿ ಈ ಊರನ್ನು ಮುಟ್ಟುವುದಿಲ್ಲ. ಇಲ್ಲಿಗೆ ಬರಬೇಕೆಂದರೆ ಬರಬೇಕೆಂಬ ಮನಸ್ಸಿರಬೇಕು.

ಇಲ್ಲಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ, ಹೊಯ್ಸಳ ವೀರ ನರಸಿಂಹನ ಆಳ್ವಿಕೆಯ ಕೊನೆಗಾಲದಲ್ಲಿ, ಹರಿಹರ ದಣ್ಣಾಯಕನೆಂಬ ಅಧಿಕಾರಿ ಕಟ್ಟಿಸಿದನು. ಅದಕ್ಕೆ ನಾಲ್ಕು ವರ್ಷ ಮುಂಚೆ, 1230ರಲ್ಲಿ, ಜೈನ ಕವಿಯಾದ ಜನ್ನನು ಅದೇ ಅರಸನ ಕಾಲದಲ್ಲಿ 'ಅನಂತನಾಥ ಪುರಾಣ'ವನ್ನು ಮುಗಿಸಿದ್ದನು. ಹೆಚ್ಚುಕಡಮೆ ಅದೇ ಯುಗದಲ್ಲಿಯೇ ವೀರಶೈವ ಕವಿ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಕನ್ನಡದ ಷಟ್ಪದಿಯಲ್ಲಿ ಹಾಡಿದನು. ಒಂದೊಂದು ಧರ್ಮವೂ ತನ್ನ ಕಥೆಯನ್ನು ಹೇಳಿಕೊಳ್ಳುತ್ತ, ನೆರೆಯವರ ಕಥೆಗೂ ಕಿವಿಗೊಡುತ್ತಿದ್ದ ಕಾಲವದು. ಬಸರಾಳಿನ ಗೋಡೆಗಳನ್ನು ನೋಡುವಾಗ ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ದೇವಾಲಯವು ದೊಡ್ಡದಲ್ಲ. ಮೂರು ಗರ್ಭಗೃಹಗಳ ತ್ರಿಕೂಟವಾದರೂ ಶಿಖರವಿರುವುದು ನಡುವಿನದಕ್ಕೆ ಮಾತ್ರ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಉಳಿಯ ಮಾತು ಕೇಳುವ, ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಗೋಡೆಯ ತಳದಲ್ಲಿ ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳು ಸುತ್ತುವರಿದಿವೆ. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಅನಂತರ ಬಳ್ಳಿಯ ಸುರುಳಿ, ಅದರ ಮೇಲೆ ಪುರಾಣೇತಿಹಾಸಗಳ ಕಥೆ, ಆಮೇಲೆ ಮಕರಗಳು, ಮೇಲ್ಗಡೆ ಹಂಸಗಳು. ಪಟ್ಟಿಕೆಗಳ ಮೇಲೆ ದೇವತಾಮೂರ್ತಿಗಳ ಸಾಲು. ಹದಿನಾರು ತೋಳುಗಳ ಶಿವನು ಅಂಧಕಾಸುರನ ತಲೆಯ ಮೇಲೆ ಕುಣಿಯುತ್ತಿದ್ದಾನೆ. ರಾವಣನು ಕೈಲಾಸವನ್ನೆತ್ತುತ್ತಿದ್ದಾನೆ. ಅರ್ಜುನನು ಮತ್ಸ್ಯಯಂತ್ರಕ್ಕೆ ಬಾಣ ಬಿಡುತ್ತಿದ್ದಾನೆ. ದ್ರೌಪದಿಯು ಮಾಲೆ ಹಿಡಿದು ಧಾವಿಸುತ್ತಿದ್ದಾಳೆ.

ಈ ಗೋಡೆಯನ್ನು ಒಂದು ಕಡೆ ನಿಂತು ನೋಡಲು ಸಾಧ್ಯವಿಲ್ಲ. ಹೊಯ್ಸಳ ಶಿಲ್ಪಿಯು ಗೋಡೆಯನ್ನು ಮೂಲೆಮೂಲೆಯಾಗಿ ಮಡಿಸಿ ಮಡಿಸಿ ನಿಲ್ಲಿಸಿದ್ದಾನೆ. ಒಂದು ಮೂಲೆ ತಿರುಗಿದಾಗ ಹಿಂದಿನ ಚಿತ್ರ ಮರೆಯಾಗುತ್ತದೆ, ಮುಂದಿನದು ಕಣ್ಣೆದುರಿಗೆ ಬರುತ್ತದೆ. ಕಾಲು ನಡೆದಂತೆ ಕಥೆ ನಡೆಯುತ್ತದೆ. ಕಾಲು ನಿಂತರೆ ಕಥೆಯೂ ನಿಲ್ಲುತ್ತದೆ. ಪ್ರದಕ್ಷಿಣೆಯೆಂಬುದು ಪುಣ್ಯಕಾರ್ಯವಾಗಿರುವಂತೆಯೇ ಓದುವ ಒಂದು ರೀತಿಯೂ ಆಗಿತ್ತು. ಅಕ್ಷರವರಿಯದ ರೈತನೂ ಅವನ ಹೆಂಡತಿಮಕ್ಕಳೂ ಗುಡಿಯನ್ನು ಒಂದು ಸುತ್ತು ಬಂದರೆಂದರೆ ಒಂದು ಸಂಧಿಯನ್ನು ಓದಿದಂತಾಯಿತು.

ಏಳು ಶತಮಾನಗಳ ತರುವಾಯ ಬಂದ ಚಲಚ್ಚಿತ್ರವು ಈ ಕ್ರಮವನ್ನು ತಿರುವುಮುರುವು ಮಾಡಿತು. ಗುಡಿಯಲ್ಲಿ ಚಿತ್ರ ನಿಂತಿತ್ತು, ಮನುಷ್ಯ ನಡೆಯುತ್ತಿದ್ದನು. ಚಿತ್ರಮಂದಿರದಲ್ಲಿ ಮನುಷ್ಯ ಕುಳಿತನು, ಚಿತ್ರ ನಡೆಯತೊಡಗಿತು. ಆದರೆ ನಮ್ಮ ದೇಶದಲ್ಲಿ ಈ ಹೊಸ ವಿದ್ಯೆ ಬೇರೂರಿದ ಬಗೆಯನ್ನು ನೋಡಿದರೆ, ಅದು ಹುಟ್ಟಿದ್ದೂ ಭಕ್ತಿಯ ಕಥೆಯಿಂದಲೇ ಎಂಬುದು ತಿಳಿಯುತ್ತದೆ. ಅದರಲ್ಲಿಯೂ ವಿಶೇಷವೆಂದರೆ, ಆ ಭಕ್ತಿಯ ಕಥೆ ಕ್ರಿಸ್ತನದಾಗಿತ್ತು.

ದಾದಾಸಾಹೇಬ ಫಾಲ್ಕೆಯವರು ಚಿತ್ರಕಲೆಯನ್ನೂ ಛಾಯಾಚಿತ್ರಣವನ್ನೂ ಕಲಿತವರು. ಕೆಲವು ಕಾಲ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಗ್ರಾಹಕರಾಗಿಯೂ ದುಡಿದವರು. ಅಂದರೆ ಹಳೆಯ ಕಲ್ಲುಗಳ ಮುಂದೆ ಕ್ಯಾಮೆರಾ ಹಿಡಿದು ನಿಂತ ಅನುಭವವುಳ್ಳವರು. 1910–11ರ ಸುಮಾರಿಗೆ ಮುಂಬಯಿಯ ಒಂದು ಡೇರೆಯ ಚಿತ್ರಮಂದಿರದಲ್ಲಿ ಅವರು ಕ್ರಿಸ್ತನ ಜೀವನವನ್ನು ಕುರಿತ ಮೂಕಿ ಚಿತ್ರವೊಂದನ್ನು ಕಂಡರು. ಮತ್ತೆ ಅದೇ ಚಿತ್ರವನ್ನು ನೋಡಲು ಹೋದಾಗ ಪತ್ನಿ ಸರಸ್ವತೀಬಾಯಿಯವರೂ ಜೊತೆಗಿದ್ದರು. ತೆರೆಯ ಮೇಲೆ ಕ್ರಿಸ್ತನ ಬಾಳು ಸರಿಯುತ್ತಿದ್ದಂತೆ ತಮ್ಮ ಮನಸ್ಸಿನ ಕಣ್ಣಿಗೆ ಕೃಷ್ಣನೂ ರಾಮನೂ ಗೋಕುಲವೂ ಅಯೋಧ್ಯೆಯೂ ಕಾಣತೊಡಗಿದುವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. 1912ರಲ್ಲಿ ಲಂಡನ್ನಿಗೆ ಹೋಗಿ ಉಪಕರಣಗಳನ್ನು ತಂದರು. ಪತ್ನಿಯ ಒಡವೆಗಳು ಸಾಲಕ್ಕೆ ಒತ್ತೆಯಾದುವು. 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ತೆರೆ ಕಂಡಿತು. ರಾಘವಾಂಕನು ಕನ್ನಡಿಗರ ಕಣ್ಣಲ್ಲಿ ನೀರು ತರಿಸಿದ್ದ ಅದೇ ಹರಿಶ್ಚಂದ್ರನು ಈಗ ಮಾತಿಲ್ಲದೆ, ಬೆಳಕಿನಲ್ಲಿ ನಡೆದಾಡಿದನು. 1919ರ 'ಕಾಲಿಯ ಮರ್ದನ'ದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿಯೇ ಬಾಲಕೃಷ್ಣನಾದಳು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ 'ಸತೀ ಸುಲೋಚನ'ವೂ ರಾಮಾಯಣದ ಅಂಗಳದಿಂದಲೇ ಎದ್ದು ಬಂದಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸತಕ್ಕದ್ದಿದೆ. ಕ್ರಿಸ್ತನ ಚಿತ್ರ ನೋಡಿದ ಫಾಲ್ಕೆಯವರು ಕ್ರೈಸ್ತರಾಗಲಿಲ್ಲ; ಅದು ಪರಕೀಯರ ದೇವರೆಂದು ಮುಖ ತಿರುಗಿಸಲೂ ಇಲ್ಲ. ಮೈಯೆಲ್ಲ ಕಣ್ಣಾಗಿ ನೋಡಿದರು. ಹಾಗೆ ನೋಡಿದ್ದರಿಂದ ಹುಟ್ಟಿನಿಂದ ಬಲ್ಲ ತಮ್ಮ ಕೃಷ್ಣನನ್ನು ಹೊಸದಾಗಿ ಕಂಡರು. ಇನ್ನೊಬ್ಬರ ಶ್ರದ್ಧೆಯ ಮುಂದೆ ಮನಸ್ಸಿಟ್ಟು ನಿಂತವನಿಗೆ ತನ್ನ ಶ್ರದ್ಧೆ ಕರಗಿಹೋಗುತ್ತದೆಂಬ ಅಂಜಿಕೆ ಅನೇಕರಿಗೆ ಉಂಟು. ಭಾರತೀಯ ಚಲಚ್ಚಿತ್ರದ ಜನ್ಮವೃತ್ತಾಂತವು ಆ ಅಂಜಿಕೆಗೆ ಕೊಟ್ಟ ಉತ್ತರವಾಗಿದೆ.

ಉತ್ತರವನ್ನು ಹುಡುಕಿಕೊಂಡು ಮುಂಬಯಿಯವರೆಗೂ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿಯೇ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಒಂದು ಹಳೆಯ ಕ್ರೈಸ್ತ ದೇವಾಲಯವಿದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರಿನಿಂದ ಅದು ಪ್ರಸಿದ್ಧ. ಅವರು ಈ ನಾಡಿನ ಉಡುಗೆಯುಟ್ಟು, ಈ ನಾಡಿನ ಊಟವುಂಡು, ಜನರ ನಡುವೆ ಬಾಳಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯಕ್ಕೆ ಹೆಗಲು ಕೊಟ್ಟರು. ಹಿಂದೂಗಳ ಆಚಾರವ್ಯವಹಾರಗಳ ಮೇಲೆ ದೊಡ್ಡ ಗ್ರಂಥವೊಂದನ್ನು ಬರೆದರು. ಆ ಗ್ರಂಥದ ಎಲ್ಲ ತೀರ್ಪುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಕಠಿನವಾದ ಮಾತುಗಳು ಅದರಲ್ಲಿ ಬೇಕಾದಷ್ಟಿವೆ. ಆದರೆ ನೆರೆಯವನ ಮನೆಯ ಹೊಸ್ತಿಲು, ಅಡಿಗೆ, ಮದುವೆ, ಮರಣಗಳನ್ನು ಅವರು ಎಷ್ಟು ಹೊತ್ತು ನೋಡಿದ್ದರೆಂಬುದಕ್ಕೆ ಅದರ ಪುಟಪುಟವೂ ಸಾಕ್ಷಿ. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಕಥೋಲಿಕ ದೇವಾಲಯಗಳಲ್ಲಿ ಒಳಗೋಡೆಯ ಉದ್ದಕ್ಕೂ ಹದಿನಾಲ್ಕು ಚಿತ್ರಗಳನ್ನಾಗಲಿ ಉಬ್ಬುಶಿಲ್ಪಗಳನ್ನಾಗಲಿ ಇಡುವ ಪದ್ಧತಿಯುಂಟು. ಅದಕ್ಕೆ ಶಿಲುಬೆಯ ಹಾದಿ ಎಂದು ಹೆಸರು. ಯೇಸುವಿಗೆ ಮರಣದಂಡನೆಯಾದ ಗಳಿಗೆಯಿಂದ ಆತನನ್ನು ಸಮಾಧಿಯಲ್ಲಿ ಇರಿಸುವವರೆಗಿನ ಕಥೆಯದು. ಮೂರು ಬಾರಿ ಆತನು ಬೀಳುತ್ತಾನೆ. ದಾರಿಯಲ್ಲಿ ತಾಯಿ ಎದುರಾಗುತ್ತಾಳೆ. ದಾರಿಹೋಕನೊಬ್ಬನು ಶಿಲುಬೆಗೆ ಹೆಗಲು ಕೊಡುತ್ತಾನೆ. ಹೆಂಗಸೊಬ್ಬಳು ಬೆವರು ರಕ್ತಗಳ ಮುಖವನ್ನು ಒರಸುತ್ತಾಳೆ. ಜೆರೂಸಲೇಮಿಗೆ ಯಾತ್ರೆ ಹೋಗಲಾರದ ಬಡವರು ತಮ್ಮ ಊರಿನಲ್ಲಿಯೇ ಆ ದಾರಿಯನ್ನು ನಡೆಯಲೆಂದು ಹಬ್ಬಿದ ಪದ್ಧತಿಯಿದು; ಹದಿನಾಲ್ಕೆಂಬ ಎಣಿಕೆ 1731ರಲ್ಲಿ ಸ್ಥಿರವಾಯಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಭಕ್ತರು ಚಿತ್ರದಿಂದ ಚಿತ್ರಕ್ಕೆ ಸಾಗಿ, ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸುತ್ತಾರೆ.

ಬಸರಾಳಿನ ಪ್ರದಕ್ಷಿಣೆಯೂ ಶಿಲುಬೆಯ ಹಾದಿಯೂ ಒಂದೇ ಎಂದು ಹೇಳಿಬಿಟ್ಟರೆ ಎರಡಕ್ಕೂ ಅನ್ಯಾಯವಾದೀತು. ಇಲ್ಲಿನ ಗೋಡೆಯಲ್ಲಿ ಕುಣಿತವುಂಟು, ಸ್ವಯಂವರದ ಸಂಭ್ರಮವುಂಟು, ಹಂಸಗಳ ಲೀಲೆಯುಂಟು. ಅಲ್ಲಿ ನೋವಿನ ಹೊರತು ಬೇರೇನೂ ಇಲ್ಲ. ಇಲ್ಲಿ ಕಥೆಗಳು ಹಲವು, ಅಲ್ಲಿ ಒಂದೇ. ಆದರೂ ಎರಡನ್ನೂ ಕಾಲಿನಿಂದಲೇ ಓದಬೇಕು. ನಡೆದು, ನಿಂತು, ಮತ್ತೆ ನಡೆಯುವವನಿಗೆ ಮಾತ್ರ ಅವು ತೆರೆದುಕೊಳ್ಳುತ್ತವೆ. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಖಂಡಕಾವ್ಯದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಕನ್ನಡಕ್ಕೆ ತಂದದ್ದು ಇಂಥ ನಡಿಗೆಯಿಂದಲೇ ಇರಬೇಕು. ಕ್ರೈಸ್ತರಲ್ಲದ ಕವಿಯೊಬ್ಬರು ಆ ದಾರಿಯಲ್ಲಿ ಮನಸ್ಸಿನಿಂದ ನಡೆದದ್ದರಿಂದ ಕನ್ನಡಕ್ಕೆ ಒಂದು ಕಾವ್ಯ ದೊರೆಯಿತು.

ಇಂದು ಕಳೆದುಹೋಗುತ್ತಿರುವುದು ಈ ನಿಧಾನವೇ. ನೋಟಕ್ಕೆ ಮೊದಲು ಮೊಬೈಲು ಮೇಲೇಳುತ್ತದೆ. ಚಲಚ್ಚಿತ್ರದವರಿಗೂ ಹಳೆಯ ಕಲ್ಲು ಬೇಕು. ಇದೇ ಜಿಲ್ಲೆಯ ಮೇಲುಕೋಟೆಯ ರಾಯಗೋಪುರವು ಎಷ್ಟೋ ಹಾಡುಗಳಿಗೆ ಹಿನ್ನೆಲೆಯಾಗಿದೆ. ಹಾಗೆ ಹಿನ್ನೆಲೆಯಾದುದರಿಂದ ಜನಕ್ಕೆ ಅದರ ಪರಿಚಯವಾಯಿತೆಂಬುದು ನಿಜ. ಆದರೆ ಬಸರಾಳಿನ ಗೋಡೆ ಹಿನ್ನೆಲೆಯಾಗಿ ನಿಲ್ಲಲು ಹುಟ್ಟಿದ್ದಲ್ಲ. ಅದಕ್ಕೆ ಬೆನ್ನು ತಿರುಗಿಸಿ ನಿಂತು ನಗುತ್ತ ಫೋಟೋ ತೆಗೆಸಿಕೊಳ್ಳುವವನು, ತೆರೆಗೆ ಬೆನ್ನು ಮಾಡಿ ಸಿನಿಮಾ ನೋಡಲು ಕುಳಿತವನಂತೆ. ಇಲಾಖೆಯು ಕಲ್ಲನ್ನು ಕಾಯಬಲ್ಲುದು. ಕಲ್ಲಿನ ಕಥೆ ಬಲ್ಲವರನ್ನು ಕಾಯಲಾರದು. ಮಗುವಿಗೆ ಕೈಲಾಸವನ್ನೆತ್ತಿದವನು ಯಾರು, ಮೀನಿನ ಕಡೆ ಬಿಲ್ಲೆತ್ತಿದವನು ಯಾರು ಎಂದು ಹೇಳುವವರು ಮನೆಯಲ್ಲಿ ಇಲ್ಲವಾದ ದಿನ, ಗೋಡೆ ನಿಂತಿದ್ದರೂ ಪುಸ್ತಕ ಮುಚ್ಚಿದಂತೆಯೇ.

ಮಕ್ಕಳೊಡನೆ ಬಸರಾಳಿಗೆ ಹೊರಡುವವರು, ಅವರು ಯಾವ ಮತದವರೇ ಆಗಿರಲಿ, ಅರ್ಧ ದಿನವನ್ನಾದರೂ ಇದಕ್ಕಾಗಿ ಮೀಸಲಿಡಬೇಕು. ಮೊದಲ ಸುತ್ತಿನಲ್ಲಿ ಆನೆಕುದುರೆಗಳನ್ನು ಮಕ್ಕಳೇ ಎಣಿಸಲಿ. ಎರಡನೆಯ ಸುತ್ತಿನಲ್ಲಿ ಕಥೆಯ ಪಟ್ಟಿಕೆಯನ್ನು ಹಿಡಿದು ದೊಡ್ಡವರು ಕಥೆ ಹೇಳಲಿ. ಮೂರನೆಯ ಸುತ್ತಿಗೆ ಯಾರೂ ಮಾತಾಡಬೇಕಾಗಿಲ್ಲ. ಮೇಲಿನ ಸಾಲಿನ ದೇವತೆಗಳನ್ನು ಕಣ್ಣೆತ್ತಿ ನೋಡಿದರೆ ಸಾಕು. ಮರಳುವಾಗ ಗಂಜಾಮಿನ ಹಾದಿ ಹಿಡಿದು ಆ ಹಳೆಯ ದೇವಾಲಯವನ್ನೂ ನೋಡಿಕೊಂಡು ಬರಬಹುದು. ಎರಡು ಕಡೆಯೂ ಚಪ್ಪಲಿಯ ಸದ್ದಿಲ್ಲದೆ ಮೆಲ್ಲನೆ ನಡೆಯುವ ಅಭ್ಯಾಸ ಮಕ್ಕಳಿಗೆ ಆದೀತು.