ಟ್ರಯಥ್ಲಾನ್‌ಗೂ ಕಯಾಕ್‌ಗೂ ಏನು ಸಂಬಂಧ?

ಖಡಕವಾಸ್ಲಾ ಹಿನ್ನೀರಲ್ಲಿ ಕಯಾಕ್ ಪಾಠ ಮುಗಿಸಿ ಈಗಷ್ಟೇ ಧನಕವಡಿಗೆ ಬಂದೆ. ಬಟ್ಟೆ ಇನ್ನೂ ಒದ್ದೆ. ತೋಳಿನ ಬಲ ಸಾಲದಂತೆ, ಸೊಂಟದ ಮೇಲಿನ ಮೈಯೆಲ್ಲ ತಿರುಗಬೇಕಂತೆ. ಹುಟ್ಟಿನ ಅಲಗು ಪಾದದ ಹತ್ತಿರ ನೀರಿಗಿಳಿದು ಸೊಂಟದ ಪಕ್ಕ ಮೇಲೇಳಬೇಕು. ಅದು ಕೈಗೆ ಹತ್ತಿದ ಮೇಲೇ ದೋಣಿ ಗಿರಕಿ ಹೊಡೆಯೋದು ನಿಂತದ್ದು!

"ಟ್ರಯಥ್ಲಾನ್ ಅಂದ್ರ ಈಜು, ಸೈಕಲ್, ಓಟ ಅಷ್ಟ ಅಲ್ಲೇನೋ? ಇದ್ಯಾಕ ಬೇಕಿತ್ತು?" ಅಂತ ಧಾರವಾಡದಿಂದ ಅಣ್ಣನ ಫೋನು. ಪ್ರಶ್ನೆ ಸರಿಯೇ. ನನ್ನದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಹುಟ್ಟು ಹಾಕೋ ಮಾತೇ ಇಲ್ಲ.

ಆದರೆ ತೆರೆದ ನೀರಲ್ಲಿ ಈಜುವಾಗ ಪಕ್ಕದಲ್ಲಿ ಕಾವಲಿರೋದು ಇದೇ ಕಯಾಕು. ಸುಸ್ತಾದರೆ ಹಿಡಿದು ಉಸಿರು ತಗೋಬಹುದು. ಅದರ ನೆರವಿಂದ ಮುಂದಕ್ಕೆ ಹೋಗಬಾರದು, ಅಷ್ಟೇ. ಈಜುಕೊಳದ ತಳದ ಕಪ್ಪು ಗೆರೆ ನೋಡ್ಕೊಂಡೇ ಈಜು ಕಲಿತವನು ನಾನು. ತಳ ಕಾಣದ ನೀರಿನ ಭಯ ಅರ್ಧ ಇಳಿಸಿದ್ದು ಈ ನಿಯಮವೇ. ಇನ್ನರ್ಧಕ್ಕೆ ಆ ದೋಣಿಯಲ್ಲೇ ಕೂತು ನೋಡೋಣ ಅನ್ನಿಸಿತು. ಇಪ್ಪತ್ತರಲ್ಲಾಗಿದ್ರೆ ನಿಯಮ ಓದ್ತಾನೇ ಇರಲಿಲ್ಲ ಬಿಡಿ.

ನಲವತ್ತು ದಾಟಿದ ಮೇಲೆ ನೀರಿಗಿಳಿದವರು ಇಲ್ಲಿ ಯಾರಿದ್ದೀರಿ? ಕಾತ್ರಜ್, ಬಿಬ್ವೇವಾಡಿ ಕಡೆಯವರಾದ್ರೆ ಭಾನುವಾರ ಬನ್ನಿ, ಕಾರಲ್ಲಿ ಜಾಗ ಇದೆ.